ಕುತ್ತಿಗೆಗೆ ಪ್ಲಾಸ್ಟಿಕ್, ಪ್ಲಾಸ್ಟಿಕ್ಕಿಗೆ ಲೇಪ

ಮಹಾರುದ್ರಪ್ಪ: ಪ್ಲಾಸ್ಟಿಕ್ಕಾ? ನನ್ನ ಕುತ್ತಿಗ್ಯಾಗ? ಬಸವಕಲ್ಯಾಣದ ಅರ್ಧಾ ಊರಿಗಿ ಪ್ಲಾಸ್ಟಿಕ್ ಮಾರಿದಾಂವ ನಾ. ಅದರ ಬಂಡವಾಳ ನನಗ ಗೊತ್ತಿಲ್ಲೇನ್ರಿ, ಮೇಡಂ?

ವಿದ್ಯಾವತಿ: ಗಿರಾಕಿ ಮುಂದ ಮಾತ್ರ ‘ಮೊಮ್ಮಕ್ಕಳ ಕಾಲಕ್ಕೂ ಮುಕ್ಕಾಗಲ್ಲ’ ಅಂತೀರಿ.

ಮಹಾರುದ್ರಪ್ಪ: ಅದು ಬಕೀಟು. ಇದು ಕುತ್ತಿಗಿ.

ವಿದ್ಯಾವತಿ: ಹೌದ್ರಿ, ಬಕೀಟಿಗಾದ್ರೂ ದಿನಾ ಕೆಲಸ ಇರ್ತದ.

ಹುಮನಾಬಾದಿನ ಡಾಕ್ಟರ್ ಆಮ್ರಪಾಲಿಯವರ ಕೋಣೆಯಲ್ಲಿ ಕುರ್ಚಿ ಬಿಸಿಯಾಗುವ ಮೊದಲೇ ಗಂಡ-ಹೆಂಡಿರ ಈ ಜಗಳ ಶುರುವಾಗಿತ್ತು. ಬಕೆಟು, ಕೊಡ, ನೀರಿನ ಟಾಕಿ ಮಾರುವ ಮಹಾರುದ್ರಪ್ಪನವರ ಕುತ್ತಿಗೆಯ ಎಲುಬುಗಳ ನಡುವಿನ ಮೆತ್ತೆ ಜಾರಿ ನರದ ಮೇಲೆ ಕೂತಿತ್ತು. ಬಲಗೈ ಜೋಮು ಹಿಡಿದಿತ್ತು. ಆ ಮೆತ್ತೆ ತೆಗೆದು, ಅಲ್ಲೊಂದು ಪುಟ್ಟ ಪಾಲಿಮರ್ ತುಂಡು ಕೂಡಿಸದಿದ್ದರೆ ಕೈಯ ಆಸೆ ಬಿಡಬೇಕು ಎಂದು ಡಾಕ್ಟರು ಹೇಳಿಯಾಗಿತ್ತು. ಮಹಾರುದ್ರಪ್ಪನವರಿಗೆ ಒಳಗೊಳಗೇ ಜೀವ ಹಾರಿಹೋಗಿತ್ತು. ಆದರೆ ಹೆದರಿದೆನೆಂದು ಹೇಳುವುದಕ್ಕಿಂತ ಮಾಲಿನಲ್ಲಿ ತಪ್ಪು ಹುಡುಕುವುದು ವ್ಯಾಪಾರಸ್ಥನಿಗೆ ಸುಲಭ.

ಆಮ್ರಪಾಲಿ: ಕಾಕಾ, ಇದು ಬಕೀಟಿನ ಪ್ಲಾಸ್ಟಿಕ್ ಅಲ್ಲ. ಬ್ಯಾರೆ ಜಾತಿ ಪಾಲಿಮರ್. ಭಾಳ ಗಟ್ಟಿ.

ಮಹಾರುದ್ರಪ್ಪ: ಗಿರಾಕಿಗಿ ನಾನೂ ಹಂಗೇ ಅಂತೀನ್ರಿ.

ಆಮ್ರಪಾಲಿ: ಎಲುಬಿನ ಸಂಗಟ ಚೊಲೋ ಹೊಂದತದ.

ಮಹಾರುದ್ರಪ್ಪ: ಪ್ಲಾಸ್ಟಿಕ್ ಯಾವದಕ್ಕ ಹೊಂದತದ, ಹೇಳ್ರಿ? ಟಾಕಿ ಮ್ಯಾಲ ಸಿಮೆಂಟ್ ಮೆತ್ತಿ ನೋಡ್ರಿ. ಒಣಗಿದ ಮ್ಯಾಲ ಹಂಚಿನಮ್ಯಾಗಿನ ರೊಟ್ಟಿಯಂಗ ಎದ್ದು ಕೈಗಿ ಬರ್ತದ.

ಆಮ್ರಪಾಲಿ: ಬರೋಬರ್ ಹೇಳಿದ್ರಿ! ಬರೀ ಪಾಲಿಮರ್ ಇಟ್ರ ಎಲುಬು ಅದನ್ನ ಹೊರಗಿಂದು ಅಂತ ದೂರ ಇಡ್ತದ, ನಡುವ ತೆಳುವಾದ ಪೊರಿ ಕಟ್ಕೋತದ. ಅದಕ್ಕೇ ಮ್ಯಾಲ ಖನಿಜದ ಲೇಪ ಕೊಟ್ಟಿರ್ತಾರ. ಎಲುಬಿನ್ಯಾಗ ಇರ್ತದಲ್ಲ, ಅದೇ ಕ್ಯಾಲ್ಸಿಯಂ, ಅದೇ ಫಾಸ್ಫೇಟ್. ಎಲುಬು ‘ಇದು ನಮ್ಮ ಬಳಗ’ ಅಂತ ತಿಳದು, ಬೆಳೀಕೋತ ಬಂದು ಹಿಡ್ಕೋತದ.

ವಿದ್ಯಾವತಿ: ಅಂಥಾ ಲೇಪ ಬಾಟ್ಲ್ಯಾಗ ಸಿಗತದೇನ್ರಿ? ಇವರ ಮೈತುಂಬ ಹಚ್ಚಬೇಕಿತ್ತು. ಲಗ್ನ ಆದಾಗಿಂದ ನಮ್ಮ ತವರಮನಿ ಮಂದಿಗಿ ಇನ್ನಾ ಅಂಟಿಲ್ಲ.

ಮಹಾರುದ್ರಪ್ಪ: ನೀ ಜರಾ ಸುಮ್ಮ ಕೂಡು. ಮೇಡಂ, ಎಲುಬಿನ್ಯಾಗಿಂದು ಅಂದ್ರಿ. ಯಾವ ಪ್ರಾಣಿ ಎಲುಬು? ನಾ ಲಿಂಗ ಕಟ್ಟಿದಾಂವ. ತತ್ತಿ ಹಾಕಿದ ಕೇಕೂ ಮುಟ್ಟಂಗಿಲ್ಲ.

ಆಮ್ರಪಾಲಿ: ಪ್ರಾಣಿದಲ್ಲ ಕಾಕಾ, ಕಾರ್ಖಾನಿದು.

ವಿದ್ಯಾವತಿ: ಮೊಮ್ಮಗಳ ಬರ್ತ್‌ಡೇಕ್ಕ ಎರಡು ತುಂಡು ತಿಂದ್ರಲ್ಲ?

ಮಹಾರುದ್ರಪ್ಪ: ಅದರಾಗ ತತ್ತಿ ಇತ್ತಾ?

ವಿದ್ಯಾವತಿ: ನೀವು ಕೇಳಲಿಲ್ಲ, ನಾ ಹೇಳಲಿಲ್ಲ.

ಮಹಾರುದ್ರಪ್ಪನವರು ಒಂದು ಗಳಿಗೆ ಕೇಕಿನ ಚಿಂತೆಗೆ ಬಿದ್ದರು. ಆಮೇಲೆ ಆ ದುಃಖವನ್ನು ಬದಿಗಿಟ್ಟು ಹೊಸ ತಕರಾರು ಹುಡುಕಿದರು.

ಮಹಾರುದ್ರಪ್ಪ: ಖರೇ ಹೇಳ್ತೀನ್ರಿ, ಲೇಪ ಅಂದಕೂಡಲೆ ನನಗ ಸಂಶೇ ಬಂತು. ಮಾಲಿಗಿ ಲೇಪ ಯಾಕ ಹಚ್ತಾರ? ಒಳಗಿನ ಹುಳುಕು ಮುಚ್ಚಾಕ.

ವಿದ್ಯಾವತಿ: ಅನುಭವದ ಮಾತ್ರೀ ಅದು. ಬಿಸಿಲಿಗಿ ಬಣ್ಣಗೆಟ್ಟ ಕೊಡಕ್ಕ ಎಣ್ಣಿ ಒರಸಿ ‘ನಿನ್ನೆ ಬಂದ ಮಾಲ್’ ಅಂತ ಮುಂದ ಇಡ್ತಾರ.

ಮಹಾರುದ್ರಪ್ಪ: ಅಂಗಡಿ ಮಾತು ಹೊರಗ ಯಾಕ ಆಡ್ತಿ? ಮೇಡಂ, ನನಗ ಲೇಪ ಇಲ್ಲದ್ದೇ ಹಾಕ್ರಿ. ಮಾಲ್ ಇದ್ದಂಗ ಕಾಣಲಿ.

ಆಮ್ರಪಾಲಿ: ಲೇಪ ಇಲ್ಲಂದ್ರ ರೊಟ್ಟಿಯಂಗ ಎದ್ದು ಬರ್ತದ ಅಂತ ಈಗ ನೀವೇ ಹೇಳಿದ್ರಲ್ಲ, ಕಾಕಾ?

ವಿದ್ಯಾವತಿ: ವಾದಿನೂ ಅವರೇ, ಪ್ರತಿವಾದಿನೂ ಅವರೇ. ನಾವು ಬಸ್ಸಿಗಿ ಹೋಗಿಬಿಡೋಣೇನ್ರಿ?

ಡಾಕ್ಟರು ನಕ್ಕು, ಮೇಜಿನ ಖಾನೆಯಿಂದ ತೋರಿಸಲೆಂದೇ ಇಟ್ಟಿದ್ದ ಒಂದು ತುಂಡು ತೆಗೆದು ಮುಂದಿಟ್ಟರು. ಬೆಲ್ಲದ ಚೂರಿನಷ್ಟಿತ್ತು, ಮೇಲೆ ಬೂದುಬಿಳುಪಿನ ಪದರ. ಮಹಾರುದ್ರಪ್ಪನವರ ಕಣ್ಣು ಅರಳಿತು. ಅಂಗಡಿಗೆ ಮಾಲು ಬಂದರೆ ಮೊದಲು ಬೀಗದ ಕೈಯಿಂದ ಕೆರೆದು ನೋಡುವುದು ಅವರ ಅಪ್ಪನ ಕಾಲದ ಪದ್ಧತಿ. ಕಿಸೆಯಿಂದ ಅಂಗಡಿಯ ಬೀಗದ ಕೈ ತೆಗೆದರು. ತುಂಡನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಕೆರೆಯಲು ಹೋದರು.

ಬೀಗದ ಕೈ ನೆಲಕ್ಕೆ ಬಿತ್ತು.

ಬಗ್ಗಿ ಎತ್ತಿದರು. ಬೆರಳು ಬಿಗಿಹಿಡಿದರು. ಬಿಗಿಯಾಗಿದೆ ಎಂದು ಅವರು ಅಂದುಕೊಂಡಿದ್ದರು, ಬೆರಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಮತ್ತೆ ಬಿತ್ತು. ವಿದ್ಯಾವತಿ ಬಗ್ಗಿ ಅದನ್ನೆತ್ತಿ, ಗಂಡನ ಎಡಗೈಯಲ್ಲಿಟ್ಟು, ಆ ಕೈಯನ್ನು ಹಾಗೇ ಹಿಡಿದುಕೊಂಡರು.

ಆಮ್ರಪಾಲಿ: ಕೆರದ್ರ ಇದರ ಗುಣ ತಿಳಿಯಲ್ಲ, ಕಾಕಾ. ಇದರ ಪರೀಕ್ಷಾ ಮಾಡೋದು ನಿಮ್ಮ ಎಲುಬು.

ಮಹಾರುದ್ರಪ್ಪ (ತಗ್ಗಿದ ದನಿಯಲ್ಲಿ): ಕೈ ಮತ್ತ ಬರ್ತದೇನ್ರಿ, ಮೇಡಂ? ನನಗ ಭಾಳ ಅಂಜಿಕಿ ಆಗ್ಯಾದ.

ಆಮ್ರಪಾಲಿ: ಈಗ ಮಾಡಿದ್ರ ಭಾಳಮಟ್ಟಿಗಿ ಬರಬಹುದು. ತಡಾ ಮಾಡಿದ್ರ ನಾ ಭರವಸಾ ಕೊಡಲ್ಲ.

ಮಹಾರುದ್ರಪ್ಪ: ಹಂಗಾರ ಮಾಡ್ರಿ. ಲೇಪ ಇದ್ದದ್ದೇ ಹಾಕ್ರಿ.

ಆಮ್ರಪಾಲಿ: ಆದ್ರ ಒಂದು ಮಾತು. ಎಲುಬು ಕೂಡೋತನಕ ಕುತ್ತಿಗಿಗಿ ಪಟ್ಟಾ ಇರ್ತದ. ತಲಿ ಆ ಕಡಿ ಈ ಕಡಿ ತಿರಗಸಂಗಿಲ್ಲ.

ವಿದ್ಯಾವತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಕುರ್ಚಿಯನ್ನು ಮುಂದಕ್ಕೆಳೆದು ಕೂತರು.

ವಿದ್ಯಾವತಿ: ಅಂದ್ರ, ‘ಬ್ಯಾಡ’ ಅಂತ ತಲಿ ಅಲ್ಲಾಡಸಾಕೂ ಬರಂಗಿಲ್ಲೇನ್ರಿ?

ಆಮ್ರಪಾಲಿ: ಬರಂಗಿಲ್ಲ, ಕಾಕು.

ವಿದ್ಯಾವತಿ: ಹಂಗಾರ ಇವತ್ತೇ ಮಾಡಿಬಿಡ್ರಿ. ಮನ್ಯಾಗ ಇವರಿಗಿ ಕೇಳೋ ಮಾತು ಭಾಳ ಉಳದಾವ.