ಎರಡೂ ವಹಿಯಲ್ಲಿ ಬರೆಯುವ ತನಕ

ಕಂಡಕಂಡವರಿಗೆ ಹೇಳಿ ಬಾಯಿ ಒಣಗಿದೆ, ನಿಮಗೂ ಹೇಳುತ್ತೇನೆ: ಮೊಮ್ಮಗಳು ಹುಟ್ಟಿದ್ದಾಳೆ. ಆದರೆ ನಮ್ಮ ಭಾವನವರ ಪ್ರಕಾರ ಅವಳು ಮೊದಲ ನಾಲ್ಕು ದಿನ ಹುಟ್ಟಿರಲೇ ಇಲ್ಲ. ಒಳಗೆ ಕಿರುಚಿ ಅಳುತ್ತಿದ್ದಳು, ಆ ಮಾತು ಬೇರೆ.

ನಾನು ಸಾಲಿ ಕಲಿತದ್ದು ಎರಡೇ ಇಯತ್ತೆ, ತಿಳಿದಷ್ಟು ಹೇಳುತ್ತೇನೆ. ಮನೆತನದ ವಹಿ ಎರಡು. ಒಂದು ಸೋಲಾಪುರದಲ್ಲಿ ಭಾವನವರ ಗಾದಿಯ ಕೆಳಗೆ, ಇನ್ನೊಂದು ಅಕ್ಕಲಕೋಟೆಯಲ್ಲಿ ಮೈದುನನ ಹತ್ತಿರ. ಒಂದಕ್ಕೆ ಗೆದ್ದಲು ಹತ್ತಿದರೆ ಇನ್ನೊಂದಿರಲಿ ಎಂದು. ಹುಟ್ಟು, ಸಾವು, ಲಗ್ನ, ಯಾವುದೇ ಇರಲಿ, ಇಲ್ಲಿ ಬರೆದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಅಲ್ಲಿಗೆ ಚೀಟಿ ಕಳಿಸುವುದು. ಅಲ್ಲಿಂದ ‘ಬರ್ದೀನಿ’ ಎಂಬ ಚೀಟಿ ತಿರುಗಿ ಬರುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ.

“ಎರಡರಾಗೂ ಬರಿಯೂ ತನಕ ಅದು ಆಗೇ ಇಲ್ಲಂತ ತಿಳಿ ಯವ್ವಾ” ಎನ್ನುವರು ಭಾವನವರು.

ನನ್ನ ಮಗಳ ಲಗ್ನ ಗೊತ್ತಾದಾಗ ಅಕ್ಕಲಕೋಟೆಯವರು ವಹಿಗೆ ಬರೆದು ಪೇಢೆಯನ್ನೂ ಹಂಚಿದರು. ನಮಗೆ ತಿರುಗಿ ಬರಬೇಕಾದ ‘ಬರ್ದೀನಿ’ ಚೀಟಿ ಕಂಡಕ್ಟರನ ಕಿಸೆಯಲ್ಲಿ ಮೈಂದರ್ಗಿಗೆ ಹೋಯಿತು. ಸುದ್ದಿಯನ್ನು ಅಕ್ಕಲಕೋಟೆಯ ಬಳೆಗಾರ್ತಿ ಬಂದು ನನಗೇ ಹೇಳಿದಳು. ಹುಡುಗಿಯ ತಾಯಿ ನಾನು, ಏನೂ ಗೊತ್ತಿಲ್ಲದವಳಂತೆ “ಹೌದೇನ?” ಎಂದು ಬೆರಗಾಗಬೇಕಾಯಿತು.

ಎರಡು ವರ್ಷದ ಹಿಂದೆ ಅದೇ ಮಗಳ ಚೊಚ್ಚಲ ಕೂಸು ಹನ್ನೊಂದನೆಯ ದಿನ ತೀರಿಕೊಂಡಿತು. ಭಾವನವರು ಒಣ ಕಣ್ಣಿನಲ್ಲೇ ವಹಿ ತೆಗೆದು ಬರೆದರು. ಅಂದಿನಿಂದ ಅವರ ಮೇಲೆ ನನ್ನ ಮನಸ್ಸು ಮುರಿದಿತ್ತು.

ಈ ಸಲ ಕೂಸು ಹುಟ್ಟುವುದಕ್ಕೂ ಬಸ್ಸಿನವರ ಸಂಪು ಶುರುವಾಗುವುದಕ್ಕೂ ಸರಿಹೋಯಿತು. ಬಸ್ಸೆಲ್ಲ ಬಂದಾಗಿ ಚೀಟಿ ಹೋಗಲಿಲ್ಲ.

“ಒಳಗ ಯಾರರಿ ಅಳಾಕತ್ತಾರ?” ನೆರೆಮನೆಯಾಕೆ ಕೇಳಿದಳು.

“ಬೆಕ್ಕ್ರಿ.”

“ಬೆಕ್ಕಿಗೆ ಜೋಗುಳ ಹಾಡಾಕತ್ತಿದ್ರಲ್ಲ?”

ಭಾವನವರನ್ನು ಕೇಳಿದೆ: “ಇವತ್ತರ ಹೇಳ್ಲೇನ್ರಿ? ಕೂಸು ಇಲ್ಲೇ ಅದ, ಬಂದ್ ನೋಡ್ರಿ.”

“ತಡಿ. ಅಕ್ಕಲಕೋಟ್ಯಾಗ ಇನ್ನೂ ಬರದಿಲ್ಲ.” ತೊಟ್ಟಿಲ ಕಡೆ ತಿರುಗಿಯೂ ನೋಡಲಿಲ್ಲ.

ನಾಲ್ಕನೆಯ ದಿನ ಆ ಮುದುಕರು ಕಬ್ಬಿನ ಲಾರಿ ಹತ್ತಿ ಅಕ್ಕಲಕೋಟೆಗೆ ತಾವೇ ಹೋದರು. ಸಂಜೆ ಅಲ್ಲಿಯ ವಹಿಯನ್ನೇ ಹೊತ್ತು ತಂದರು.

“ಎರಡರಾಗೂ ಬರದೀನಿ. ಹೋಗು, ಓಣಿಗೆಲ್ಲ ಹೇಳು.”

ನಾನು ಮೊಮ್ಮಗಳ ಸಾಲು ನೋಡಲು ಕುಳಿತೆ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಎರಡರಲ್ಲೂ ಇತ್ತು. ಅದರ ಮೇಲಿನ ಸಾಲುಗಳಲ್ಲಿ, ಸೋಲಾಪುರದ ವಹಿಯಲ್ಲಿ, ಚೊಚ್ಚಲ ಕೂಸಿನ ಹುಟ್ಟು, ಸಾವು ಎರಡೂ. ಅಕ್ಕಲಕೋಟೆಯದರಲ್ಲಿ ಹುಟ್ಟು ಮಾತ್ರ. ಸಾವಿನ ಚೀಟಿ ಮಡಚಿದ್ದು ಮಡಚಿದಂತೆ ಸೋಲಾಪುರದ ವಹಿಯ ಹಾಳೆಗಳ ನಡುವೆ ಇತ್ತು.

“ಇದನ್ನ ಕಳಸಿಲ್ಲೇನ್ರಿ?”

ಭಾವನವರು ಗೋಡೆಯ ಕಡೆ ತಿರುಗಿದರು. “ಕಂಡಕ್ಟರ್ ಸಿಗಲಿಲ್ಲ ಯವ್ವಾ.”

ಎರಡು ವರ್ಷ ಒಬ್ಬ ಕಂಡಕ್ಟರನೂ ಸಿಗಲಿಲ್ಲ.

ಚೀಟಿಯನ್ನು ಅದೇ ಮಡಿಕೆಯಲ್ಲಿ ಮಡಚಿ ಅಲ್ಲೇ ಇಟ್ಟೆ. ಓಣಿಯವರು ಇನ್ನೊಂದು ಗಳಿಗೆ ಕಾಯಲಿ ಎಂದು ಮೊಮ್ಮಗಳನ್ನು ತಂದು ಭಾವನವರ ತೊಡೆಯ ಮೇಲೆ ಮಲಗಿಸಿದೆ.