ಪೆಟ್ರೋಲ್ ನಳಕ್ಕೆ ಹತ್ತಿದ ಸುಣ್ಣ

ಹಳೆ ಮೋಟಾರ್ ಸೈಕಲ್ ಇಟ್ಟುಕೊಂಡವನ ಮನೆಯಲ್ಲಿ ನಗೆಗೆ ಬರ ಇಲ್ಲ. ತಾನು ನಗದಿದ್ದರೂ ಓಣಿ ನಗುತ್ತದೆ. ವಯಸ್ಸಿನಲ್ಲಿ ನನ್ನ ಗಾಡಿ ನನಗಿಂತ ಸ್ವಲ್ಪ ಸಣ್ಣದು. ಒದ್ದರೆ ಸುರು ಆಗುತ್ತದೆ. ಒಮ್ಮೊಮ್ಮೆ ಒದ್ದವನನ್ನೇ ತಿರುಗಿ ಒದೆಯುತ್ತದೆ. ನಾನು ಬನಹಟ್ಟಿಯಲ್ಲಿ ಮಗ್ಗ ನಡೆಸುವವ. ಸಾಲಿ ಮೂರನೇ ಇಯತ್ತೆಗೆ ಬಿಟ್ಟೆ. ಬರೆಯುವುದು ನಿಧಾನ. ಆದದ್ದು ಆದಂಗೆ ಬರೆಯುತ್ತೇನೆ.

೧. ಗಾಡಿಯ ದುಃಖ

ಹೆಂಡತಿ ತೀರಿಹೋಗಿ ಮೂರು ತಿಂಗಳಾಗಿತ್ತು. ಅಲ್ಲಿತನಕ ಗಾಡಿ ಮುಟ್ಟಿರಲಿಲ್ಲ. ಒಂದು ಮುಂಜಾನೆ ಧೂಳು ಒರೆಸಿ ಹೊರಗೆ ತೆಗೆದೆ. ಒದ್ದೆ. ಸುರು ಆಗಲಿಲ್ಲ. ಕಾಲು ಸೋಲುವ ತನಕ ಒದ್ದೆ. ಟಾಕಿ ಅಲುಗಾಡಿಸಿ ನೋಡಿದೆ. ಒಳಗೆ ಪೆಟ್ರೋಲ್ ಗುಳುಗುಳು ಅಂತು. ಇದ್ದರೂ ಗಾಡಿ ಒಲ್ಲೆ ಅಂತು.

ಬಾಜೂಮನೆಯ ಗೆಳೆಯ ಬೀಡಿ ಸೇದುತ್ತಾ ಬಂದು ನಿಂತ. ಅವನೂ ಮಗ್ಗದವನೇ.

"ಇದು ಕೆಟ್ಟಿಲ್ಲೋ. ನಮ್ಮ ಅತ್ತಿ ಸತ್ತಾಗ ಮನಿ ಎತ್ತು ಎಂಟು ದಿನ ಮೇವು ಮುಟ್ಟಲಿಲ್ಲ. ಇದೂ ಹಂಗ. ದುಃಖದಾಗ ಐತಿ."

"ಎತ್ತು ಖರೆ. ಇದು ಕಬ್ಬಿಣ ಅಲ್ಲೇನಲೇ?"

"ಆಕಿ ಕುಂಡರ್ತಿದ್ದ ಕಬ್ಬಿಣ ಹೌದಲ್ಲೋ?"

ಗಾಡಿಯನ್ನು ಒಳಗೆ ನೂಕಿ, ಆಕಿ ಹೊಲಿದ ಕೌದಿ ಹೊಚ್ಚಿದೆ.

ಗೆಳೆಯನ ಬಾಯಿ ಸುಮ್ಮನಿರುವ ಬಾಯಲ್ಲ. ಮರುದಿನ ಓಣಿಯ ಇಬ್ಬರು ಮುದುಕಿಯರು ಬಂದರು. ಗಾಡಿಯ ಮೇಲೆ ಕೈಯಾಡಿಸಿ, "ಸಮಾಧಾನ ಮಾಡ್ಕೊಳ್ಳಪ್ಪಾ" ಅಂದು ಮಾತಾಡಿಸಿ ಹೋದರು. ನನ್ನನ್ನು ಮಾತಾಡಿಸಲಿಲ್ಲ.

೨. ಗೆಳೆಯನ ಬೀಡಿ

ನಿಂತ ಗಾಡಿ ದಿನಾ ಕಣ್ಣಿಗೆ ಬೀಳುತ್ತಿತ್ತು. ಹಿಂದಿನ ಸೀಟು ಖಾಲಿ. ನೋಡಲಾಗದೆ ಗುಜರಿಯವನಿಗೆ ಹೇಳಿಬಿಟ್ಟೆ, ಸೋಮವಾರ ಬಂದು ಒಯ್ಯಿ ಅಂತ.

ಗೆಳೆಯ ಬೈದ. "ಲೇ, ಒಡದು ಹಾಕೂದಕಿಂತ ಮದಲ ಒಮ್ಮಿ ನಾ ನೋಡ್ತೀನಿ ತಡಿ." ನಮ್ಮ ಮಗ್ಗದ ಶೆಡ್ಡಿನಲ್ಲಿ ಲಾಳಿ ಸಿಕ್ಕಿಕೊಂಡರೆ ಬಿಡಿಸುವವ ಅವನೇ. ಆ ಧೈರ್ಯದ ಮೇಲೆ ಬಗ್ಗಿ ಕುಳಿತ.

ಟಾಕಿಯ ಕೆಳಗೆ ಎಡಗಡೆ ಒಂದು ಸಣ್ಣ ನಳ ಇರುತ್ತದೆ. ಪೆಟ್ರೋಲ್ ಅದರಿಂದಲೇ ಇಳಿಯುವುದು. ಮಿಸ್ತ್ರಿಗಳು ಅದಕ್ಕೆ ಕಾಕು ಅನ್ನುತ್ತಾರೆ. ಅದರ ಹಿಡಿಕೆ ಮೂರು ಕಡೆ ತಿರುಗುತ್ತದೆ. ಬರೆದದ್ದು ಸವೆದು ಹೋಗಿತ್ತು. ಇದ್ದರೂ ಇಂಗ್ಲಿಷ್ ನಮಗೆ ಓದಲಿಕ್ಕೆ ಬರುತ್ತಿರಲಿಲ್ಲ.

ಗೆಳೆಯ ಮೂರೂ ಕಡೆ ತಿರುವಿ ನೋಡಿ ಹೇಳಿದ, "ತಿಳೀತು. ಇದು ಮೂರು ಕಾಲಕ್ಕ. ಬ್ಯಾಸಗಿ, ಮಳಿ, ಥಂಡಿ. ನೀ ಥಂಡಿಗಿ ಇಟ್ಟಿ. ಪೆಟ್ರೋಲ್ ಒಳಗ ಹೆಪ್ಪುಗಟ್ಟೈತಿ."

ಪೈಪು ಕಿತ್ತ. ಬಾಯಲ್ಲಿ ಇಟ್ಟುಕೊಂಡ. ಜೋರಾಗಿ ಎಳೆಯುತ್ತಾ ನಳವನ್ನು ಬೇಸಿಗೆಗೆ ತಿರುವಿದ. ಬಾಯಿ ತುಂಬ ಪೆಟ್ರೋಲ್. ಉಗುಳಿದ, ಕೆಮ್ಮಿದ, ಹೆದರಿ ನಳವನ್ನು ಮೊದಲಿದ್ದಲ್ಲೇ ತಿರುವಿಬಿಟ್ಟ. ಪೈಪು ಮತ್ತೆ ಸಿಕ್ಕಿಸಿದ. ಗಾಡಿ ಮೊದಲಿದ್ದಂಗೇ ನಿಂತಿತ್ತು. ಆಮೇಲೆ ರೂಢಿಯಂತೆ ಕಿಸೆಯಿಂದ ಬೀಡಿ ತೆಗೆದ. ನಾನು ಕಡ್ಡಿಪೆಟ್ಟಿಗೆ ಕಸಿದು ಗಟಾರಕ್ಕೆ ಎಸೆದೆ. ನಾಲ್ಕು ದಿನ ಅವನು ಬೆಂಕಿ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಬೀಡಿ ಮುಟ್ಟಲಿಲ್ಲ.

ಐದನೇ ದಿನ ಅವನ ಹೆಂಡತಿ ನನಗೆ ಶೇಂಗಾ ಉಂಡಿ ತಂದು ಕೊಟ್ಟಳು. "ಅಣ್ಣಾರ, ವಾರಕ್ಕೊಮ್ಮಿ ಹಿಂಗ ಒಂದೀಟು ಕುಡಸ್ರಿ."

೩. ಜಮಖಂಡಿಯ ಮಿಸ್ತ್ರಿ

ಶನಿವಾರ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಜಮಖಂಡಿಗೆ ಹೋದೆ. ಅಲ್ಲಿ ಹಳೆ ಗಾಡಿಗಳ ಮಿಸ್ತ್ರಿ ಒಬ್ಬರಿದ್ದಾರೆ. ವಯಸ್ಸಾದವರು. ಕನ್ನಡಕ ಹಣೆಗೇರಿಸಿ ನಳವನ್ನು ಉಗುರಿನಿಂದ ಕೆರೆದರು. ಬೆಳ್ಳಗೆ ಏನೋ ಉದುರಿತು.

"ಇದಕ್ಕ ಸುಣ್ಣ ಯಾರು ಹಚ್ಚ್ಯಾರ್ರಿ?"

"ಸುಣ್ಣ?"

"ಎಲಿಗಿ ಹಚ್ಚೂ ಸುಣ್ಣ. ಗಾಡಿಗಿ ಎಲಿ ಅಡಿಕಿ ತಿನಸ್ತೀರೇನು?"

ನಾನು ಎಲಿ ತಿನ್ನುವವನಲ್ಲ. ಆಕಿ ತಿನ್ನುತ್ತಿದ್ದಳು.

ಮಿಸ್ತ್ರಿ ನಳ ತಿರುವಿದರು. ಒಂದು ಗಳಿಗೆ ಬಿಟ್ಟು ಒದ್ದರು. ಒಂದೇ ಒದೆತ. ಗಾಡಿ ಧಡ್ ಧಡ್ ಅಂತು. ನಾನು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಳಿತೆ.

"ನಳ ಬಂದ್ ಇತ್ರಿ. ಬಂದ್ ಇದ್ದ ನಳದಾಗ ನೀರು ಬರ್ತೈತೇನು? ಎಷ್ಟು ವರ್ಷಾತು ಗಾಡಿ ಹೊಡ್ಯಾಕತ್ತು?"

"ಮೂವತ್ತು."

"ಈ ನಳ ಎಂದೂ ತಿರುವಿಲ್ಲ?"

"ಇಲ್ಲ."

ಅವರು ನಂಬಲಿಲ್ಲ. ಗಾಡಿ ಬಂದ್ ಮಾಡಿ, ಪೆಟ್ರೋಲ್ ಡಬ್ಬಿಗೆ ಇಳಿಸಿ, ನಳವನ್ನೇ ಬಿಚ್ಚಿ ಕೈಯಲ್ಲಿ ಕೊಟ್ಟರು. ಮೇಲೆ ಎರಡು ತೂತು. ಒಂದಕ್ಕೆ ಉದ್ದನ್ನ ಕೊಳವೆ. ಇನ್ನೊಂದು ಗಿಡ್ಡ, ತಳದಲ್ಲೇ ಇದೆ.

"ನೋಡ್ರಿ, ಟಾಕ್ಯಾಗ ಈ ಉದ್ದಂದು ಎದ್ದು ನಿಂತಿರ್ತೈತಿ. ಪೆಟ್ರೋಲ್ ಇದರ ತಲಿಕಿಂತ ಕೆಳಗ ಇಳಿದ್ರ ಇದರಾಗ ಹೋಗಂಗಿಲ್ಲ. ಗಾಡಿ ಕೆಮ್ಮತೈತಿ. ಆಗ ಗಿಡ್ಡಂದಕ್ಕ ತಿರುವಬೇಕು. ತಳದಾಗ ಉಳಿದದ್ದು ಬರ್ತೈತಿ. ಅದ ರಿಸರ್ವ್."

"ರಿಸರ್ವಿನ ಟಾಕಿ ಸೀಟಿನ ಕೆಳಗ ಬ್ಯಾರೆ ಇರ್ತೈತಂತ ತಿಳಿದಿದ್ದೆ."

"ಸೀಟಿನ ಕೆಳಗ ನಿಮ್ಮ ಬುದ್ಧಿ ಐತ್ರಿ."

ಆಗ ನೆನಪಾಯಿತು. ಆಕಿ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕುಳಿತುಕೊಳ್ಳುತ್ತಿದ್ದಳು. ಟಾಕಿಯ ಎಡಗಡೆ, ಈ ನಳದ ಹತ್ತಿರವೇ, ಆಕಿಯ ಎಲಿ ಚೀಲ ಜೋತಾಡುತ್ತಿತ್ತು. ಗಾಡಿ ಕೆಮ್ಮಿತೆಂದರೆ ಆಕಿಗೆ ಎಲಿಯ ನೆನಪು. ಬಗ್ಗಿ ಚೀಲಕ್ಕೆ ಕೈ ಹಾಕುತ್ತಿದ್ದಳು. ಗಾಡಿ ಸರಿ ಆಗುತ್ತಿತ್ತು. ಹೊರಡುವಾಗ ಒಮ್ಮೆ, ಮನೆಗೆ ಬಂದು ಇಳಿಯುವಾಗ ಮತ್ತೊಮ್ಮೆ ಚೀಲಕ್ಕೆ ಕೈ. ಆಕಿ ಇಲ್ಲದೆ ನಾನು ಗಾಡಿ ಹೊಡೆದದ್ದೇ ಇಲ್ಲ. ಇದನ್ನೆಲ್ಲ ಮಿಸ್ತ್ರಿಗೆ ಹೇಳಿದೆ.

ಅವರು ಕೈ ಒರೆಸಿಕೊಂಡರು. "ಹಂಗಾರ ಮೂವತ್ತು ವರ್ಷ ಗಾಡಿ ಹೊಡದಾಕಿ ಆಕಿ. ನೀವು ಮುಂದ ಕುಂತು ಹ್ಯಾಂಡಲ್ ಹಿಡಕೊಂಡಿದ್ರಿ ಅಷ್ಟ."

೪. ಗುಜರಿಯವ

ಸೋಮವಾರ ಗುಜರಿಯವ ಕೈಗಾಡಿ ನೂಕಿಕೊಂಡು ಬಂದ.

"ಎಲ್ಲೈತ್ರಿ ಸತ್ತ ಗಾಡಿ?"

ನಾನು ಕೌದಿ ತೆಗೆದೆ. ನಳ ತಿರುವಿದೆ. ಒದ್ದೆ. ಅವನು ಎರಡು ಹೆಜ್ಜೆ ಹಿಂದೆ ಹಾರಿದ.

"ಜೀವ ಐತೆಲ್ರಿ ಇದಕ್ಕ! ಯಾರು ರಿಪೇರಿ ಮಾಡಿದ್ರು?"

"ನನ್ನ ಹೇಣ್ತಿ."

ಅವನು ಗೋಡೆಯ ಮೇಲೆ ಹಾರ ಹಾಕಿದ ಫೋಟೋ ನೋಡಿದ. ನನ್ನನ್ನು ನೋಡಿದ. ಹೊರಟುಬಿಟ್ಟ. ಕೈಗಾಡಿ ಒಯ್ಯಲಿಕ್ಕೆ ಮರುದಿನ ತಮ್ಮನನ್ನು ಕಳಿಸಿದ.

೫. ಗಲಗಲಿಯ ಬೀರಪ್ಪ

ಮಿಸ್ತ್ರಿ ಇನ್ನೊಂದು ಮಾತು ಹೇಳಿದ್ದರು. "ನಳ ಬಂದ್ ಮಾಡಿದ ಕೂಡಲೆ ಗಾಡಿ ನಿಂದ್ರಂಗಿಲ್ಲ. ಕಾರ್ಬೋರೇಟರಿನ ಬಟ್ಟಲದಾಗ ಇದ್ದಷ್ಟು ಸುಡೂತನಾ ಓಡತೈತಿ. ಒಂದು ಮೈಲು ಹೋಗಿ ನಿಂತೀತು." ಕರೆಂಟು ಹೋದ ಮೇಲೂ ಮಗ್ಗ ನಾಲ್ಕು ಎಳೆ ನೇದು ನಿಲ್ಲುವುದಿಲ್ಲವೇ, ಹಾಗೆ. ಆ ಮಾತು ತಲೆಯಲ್ಲಿ ಕೊರೆಯಲಿಕ್ಕೆ ಹತ್ತಿತು.

ಆಕಿಯ ತವರು ಹೊಳೆಯ ಆಚೆ ದಂಡೆ. ಗಲಗಲಿ ದಾಟಿಯೇ ಹೋಗಬೇಕು. ಗಲಗಲಿಯಲ್ಲಿ ರಸ್ತೆಗೆ ಹತ್ತಿಯೇ ಆಕಿಯ ತಂಗಿಯ ಮನೆ. ಆ ತಂಗಿಯ ಮದುವೆಯ ಬೀಗರೂಟದಲ್ಲಿ ಅವಳ ಗಂಡ, ಅಂದರೆ ನನ್ನ ಷಡ್ಡಕ, ಎಲ್ಲರ ಹೋಳಿಗೆಗೂ ತುಪ್ಪ ಬಡಿಸಿ ನನ್ನ ಎಲೆ ಬಿಟ್ಟು ಮುಂದೆ ಹೋದ. ನಾನು ಎದ್ದು ನಿಂತು ಆಣೆ ಮಾಡಿದೆ, "ನಿನ್ನ ಬಾಗಲಿಗಿ ನಾನಾಗೇ ಗಾಡಿ ನಿಂದರಸಂಗಿಲ್ಲ." ಆಕಿ ಎಷ್ಟು ಅತ್ತರೂ ನಾನು ಬಗ್ಗಲಿಲ್ಲ.

ಗಲಗಲಿಗೆ ಮೈಲು ದೂರದಲ್ಲಿ ಒಂದು ಬೇವಿನ ಗಿಡ ಇದೆ. ಆ ಗಿಡ ಬಂದರೆ ಆಕಿಗೆ ಎಲಿ ನೆನಪಾಗುತ್ತಿತ್ತು. ಚೀಲಕ್ಕೆ ಕೈ. ಗಾಡಿ ಓಡುತ್ತಾ ಓಡುತ್ತಾ ಕೆಮ್ಮಿ, ಸರಿಯಾಗಿ ತಂಗಿಯ ಬಾಗಿಲಿಗೇ ನಿಲ್ಲುತ್ತಿತ್ತು. ಪ್ರತಿ ಸಲ. ನಾನು ನಿಲ್ಲಿಸಿದ್ದಲ್ಲ, ತಾನೇ ನಿಂತದ್ದು. ಆಣೆ ಮುರಿಯಲಿಲ್ಲ. ಷಡ್ಡಕ ನಟ್ಟು ಬಿಚ್ಚುವ ಪಾನಾ ಹಿಡಿದು ಹೊರಗೆ ಬರುತ್ತಿದ್ದ. ಇಬ್ಬರೂ ಗಾಡಿಯ ಮುಂದೆ ಕುಳಿತು ಪ್ಲಗ್ ಒರೆಸುತ್ತಾ ಒರೆಸುತ್ತಾ ಮಾತು ಸುರು ಆಯಿತು. ಒಳಗೆ ಅಕ್ಕ ತಂಗಿ ನಗುತ್ತಿದ್ದರು. ಚಾ ಆಗಿ, ಊಟ ಆಗಿ ಹೊರಡುವಾಗ ಆಕಿ ಮತ್ತೆ ಚೀಲಕ್ಕೆ ಕೈ ಹಾಕುವಳು. ಒಂದೇ ಒದೆತಕ್ಕೆ ಗಾಡಿ ಸುರು.

ಮನೆಯಿಂದ ಸ್ವಲ್ಪ ಮುಂದೆ ಬೀರಪ್ಪನ ಗುಡಿ. ಗಾಡಿ ನಿಲ್ಲಿಸಿದವನೂ ಬಿಟ್ಟವನೂ ಅವನೇ ಅಂತ ನಾನು ಪ್ರತಿ ಸಲ ಕಾಯಿ ಒಡೆಯುತ್ತಿದ್ದೆ. ಆಕಿ ಹಿಂದೆ ಕುಳಿತು ಆ ಕೊಬ್ಬರಿ ತಿನ್ನುತ್ತಾ ಹೇಳುತ್ತಿದ್ದಳು, "ಬೀರಪ್ಪ ಭಾಳ ದೊಡ್ಡಾಂವ ನೋಡ್ರಿ."

ಆಕಿ ಹೋದ ಮೇಲೆ ನಾನು ಆ ಮನೆಗೆ ಹೋಗಿರಲಿಲ್ಲ. ಮನಸ್ಸಿತ್ತು. ಆದರೆ ಗಾಡಿ ನಿಲ್ಲಬೇಕಲ್ಲ?

ಮಂಗಳವಾರ ಹೊರಟೆ. ಬೇವಿನ ಗಿಡ ಬಂತು. ನಾನೇ ಬಗ್ಗಿ ನಳ ಬಂದ್ ಮಾಡಿದೆ. ಗಾಡಿ ಓಡಿತು. ಊರು ಬಂತು. ಮನೆ ಬಂತು. ನಾದಿನಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ನಾನು ಅವಳನ್ನು ನೋಡುತ್ತಲೇ ದಾಟಿ ಹೋದೆ. ಗಾಡಿ ನಿಲ್ಲಲಿಲ್ಲ. ಬೀರಪ್ಪನ ಗುಡಿಯ ಮುಂದೆ ಹೋಗಿ ಕೆಮ್ಮಿ ನಿಂತಿತು.

ಒಬ್ಬನ ಭಾರ. ಪೆಟ್ರೋಲ್ ಉಳಿದು ಮುಂದೆ ಬಂದಿತ್ತು. ಆಕಿಯ ಅಳತೆ ಇಬ್ಬರದು.

ಆಮೇಲೆ ಗಾಡಿಯನ್ನು ಹಿಂದಕ್ಕೆ ನೂಕಿಕೊಂಡು ಬಂದೆ. ನಾದಿನಿ ಬಾಗಿಲಲ್ಲೇ ಇದ್ದಳು. ನಗುತ್ತಿದ್ದಳು, ಸೆರಗಿನಿಂದ ಕಣ್ಣೂ ಒರೆಸಿಕೊಳ್ಳುತ್ತಿದ್ದಳು. ಹಿಂದೆ ಷಡ್ಡಕ ಪಾನಾ ಹಿಡಿದು ನಿಂತಿದ್ದ.

"ನಳದ್ದು ನಿಮಗ ಗೊತ್ತಿತ್ತೇನವಾ?" ಅಂದೆ.

"ಊರಿಗೇ ಗೊತ್ತಿತ್ರಿ ಮಾಮಾ. ಬೀರಪ್ಪಗೂ ಗೊತ್ತಿತ್ತು. ಕಾಯಿ ಬರ್ತಾವಂತ ಸುಮ್ಮ ಇದ್ದ."

"ಆಕಿ ಅಳತಿ ನನಗ ಬರವಲ್ದವಾ. ಮುಂದಿನ ಸಲ ಬೇವಿನ ಗಿಡಕಿಂತ ಎಷ್ಟು ಮದಲ ಬಂದ್ ಮಾಡ್ಲಿ?"

ನಾದಿನಿ ಗಾಡಿಯನ್ನು ನೋಡಿದಳು. ನನ್ನನ್ನು ನೋಡಿದಳು.

"ಮಾಮಾ, ಗಾಡಿಗಿ ಬ್ರೇಕ್ ಐತೆಲ್ರಿ. ಹಾಕ್ರಿ."