ಮುಗಿಯದ ಗುಡ್ಡ

ಗಜೇಂದ್ರಗಡದಲ್ಲಿ ಹುಟ್ಟಿ, ಕಣ್ಣೆದುರಿಗೆ ಅಷ್ಟು ದೊಡ್ಡ ಗುಡ್ಡವಿದ್ದರೂ ಸಾಲದೆಂದು ಮನೆಯೊಳಗೆ ಕೂತು ಸ್ವಂತ ಗುಡ್ಡ ಮಾಡಿಕೊಳ್ಳುವ ಮನುಷ್ಯ ಯಾರಾದರೂ ಇದ್ದರೆ ಅವರು ನಮ್ಮವ್ವನ ತಮ್ಮ ಒಬ್ಬರೇ!

ಮಾಮಾ ಕಂಪ್ಯೂಟರಿಗೆ ಒಂದು ಗಣಿತಸೂತ್ರ ಉಣಿಸುತ್ತಾರೆ. ಅದು ಗುಡ್ಡವಾಗುತ್ತದೆ. ಗುಡ್ಡದ ಮೈಮೇಲೆ ಅಂಥದೇ ಮರಿಗುಡ್ಡ, ಮರಿಯ ಮೇಲೆ ಮತ್ತೊಂದು ಮರಿ, ಮುಗಿಯುವುದೇ ಇಲ್ಲ. ಇದಕ್ಕೆ ಫ್ರ್ಯಾಕ್ಟಲ್ ಎನ್ನುತ್ತಾರಂತೆ. ಅದನ್ನು ಕೆತ್ತಿ, ಸವರಿ, ಕಾಲಿಡಲು ದಾರಿ ಮಾಡಿ ವಿಡಿಯೊ ಗೇಮ್ ಮಾಡುವವರಿಗೆ ಮಾರುತ್ತಾರೆ. ನಮ್ಮೂರ ಬಾಜಾರಿನಲ್ಲಿ ಈ ದಂಧೆಯನ್ನು ಯಾರಿಗೆ ಹೇಗೆ ತಿಳಿಸಿ ಹೇಳುವುದು, ನೀವೇ ಹೇಳಿ!

ಮೊದಮೊದಲು ಗುಡ್ಡ ಎಷ್ಟು ಭಾರವಾಗುತ್ತಿತ್ತೆಂದರೆ ಕಂಪ್ಯೂಟರು ಕಾದ ಹಂಚಾಗುತ್ತಿತ್ತು. ಮಾಮಾ ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ಅದಕ್ಕೆ ಗಾಳಿ ಹಾಕುತ್ತಿದ್ದರು. ಅಡುಗೆಮನೆಯಿಂದ ಮಾಮಾನ ಹೆಂಡತಿ, ನಮ್ಮ ಅತ್ತಿ, ಕೂಗುತ್ತಿದ್ದರು: “ನಾ ಒಲಿ ಮುಂದ ಕುಂತು ರೊಟ್ಟಿ ಬಡಿಯೂಮುಂದ ಒಂದಿನಾರ ಹಿಂಗ ಗಾಳಿ ಬೀಸೀರೇನ್ರಿ?”

ಕೊನೆಗೆ ಭಾರ ಇಳಿಸಲು, ನೆರಳನ್ನೆಲ್ಲ ನೆಲದ ಬಣ್ಣದೊಳಗೇ ಅಚ್ಚೊತ್ತಿಬಿಡುವುದನ್ನು ಮಾಮಾ ಕಲಿತರು. ಕಂಪ್ಯೂಟರು ತಣ್ಣಗಾಯಿತು. ಅತ್ತಿ ಆಗಲಿಲ್ಲ.

ಒಮ್ಮೆ ಗಿರಾಕಿಯೊಬ್ಬ ಫೋನಿನಲ್ಲಿ, “ಇದು ಗುಡ್ಡಾನೋ ಹೂಕೋಸೋ ತಿಳೀತಿಲ್ಲ ಸಾರ್” ಎಂದುಬಿಟ್ಟ! ಅವತ್ತು ಮಾಮಾಗೆ ಊಟ ಸೇರಲಿಲ್ಲ. ಎತ್ತರ ತಿಳಿಯಬೇಕಾದರೆ ಪಕ್ಕದಲ್ಲೊಬ್ಬ ಮನುಷ್ಯ ನಿಂತಿರಬೇಕಲ್ಲ? ಮನೆಯಲ್ಲಿ ಕೈಗೆ ಸಿಕ್ಕವರು ಅತ್ತಿ. ಅವರನ್ನು ಅಂಗಳದಲ್ಲಿ ನಿಲ್ಲಿಸಿ, ಸುತ್ತಲೂ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಗೊಂಬೆ ಮಾಡಿ ಗುಡ್ಡದ ಬುಡಕ್ಕೆ ನಿಲ್ಲಿಸಿದರು. ತಲೆಯ ಮೇಲೆ ಸೆರಗು, ಸೊಂಟದ ಮೇಲೆ ಕೈ. ಅಲ್ಲಿಂದ ಮುಂದೆ ಪ್ರತಿ ಗುಡ್ಡದಲ್ಲೂ ಅತ್ತಿ!

“ಇಡೀ ಲೋಕಾ ತಿರಗಿದಿ ನೋಡ ನೀ!” ಎಂದರು ಮಾಮಾ.

“ಲೋಕಾ ಇರ್ಲಿ. ಮದಲ ನನ್ನ ಕೊಣ್ಣೂರಿಗೆ ಕರಕೊಂಡ ಹೋಗ್ರಿ. ತವರಮನಿ ಕಾಣದ ಎಷ್ಟ ವರ್ಷಾತು.”

“ಈ ಗುಡ್ಡಾ ಒಂದ ಮುಗೀಲಿ, ಹೋಗೂಣು.”

ಮಾಮಾನ ಗುಡ್ಡ ಎಂದಾದರೂ ಮುಗಿಯುತ್ತದೆಯೇ?

ಹೋದ ವರ್ಷ ಅತ್ತಿ ತೀರಿಕೊಂಡರು. ಕೊಣ್ಣೂರಿಗೆ ಹೋಗುವುದು ಆಗಲೇ ಇಲ್ಲ.

ಮೊನ್ನೆ ನಾನು ಹೋದಾಗ ಮಾಮಾ ಹೊಸ ಗುಡ್ಡ ತೋರಿಸಿದರು. ಅದರ ಬುಡದಲ್ಲೊಂದು ಹೊಳೆ, ಹೊಳೆಗೊಂದು ಸೇತುವೆ. ನೋಡಿದ ಕೂಡಲೇ ಗೊತ್ತಾಯಿತು, ಕೊಣ್ಣೂರಿನ ಸೇತುವೆ! ಆ ಹೆಣ್ಣುಮಗಳನ್ನು ತೆಗೆಯಿರಿ ಎಂದಿದ್ದನಂತೆ ಗಿರಾಕಿ. ಮಾಮಾ ತೆಗೆದಿದ್ದರು. ಆದರೆ ಸೇತುವೆಯ ಆಚೆ ತುದಿಯಲ್ಲಿ, ನೆಲದ ಬಣ್ಣದೊಳಗೆ ಅಚ್ಚಾಗಿಹೋಗಿದ್ದ, ಸೊಂಟಕ್ಕೆ ಕೈಯಿಟ್ಟ ನೆರಳು ಹಾಗೇ ಉಳಿದಿತ್ತು.

“ಮಾಮಾ, ನೆರಳ ಉಳದೈತಿ. ಅಳಸ್ಲೇನು?”

ಮಾಮಾ ನನ್ನ ಕೈ ಹಿಡಿದುಕೊಂಡರು.

“ಬ್ಯಾಡವ್ವಾ. ಭಾಳ ನೆನಪಾಗ್ತಾಳ. ಈಗರ ಊರ ಸಮೀಪ ಬಂದಾಳ, ಇರ್ಲಿ.”

ಗಿರಾಕಿ ಫೋನು ಮಾಡುತ್ತಲೇ ಇದ್ದಾನೆ. ಗುಡ್ಡ ಇನ್ನೂ ಮುಗಿದಿಲ್ಲ ಎನ್ನುತ್ತಾರೆ ಮಾಮಾ.